ಬಣ್ಣದಡಿಯ ಹೆಸರುಗಳು

ಕೊಪ್ಪಳ ಜಿಲ್ಲೆಯ ನಮ್ಮ ತಾಲ್ಲೂಕು ಕೇಂದ್ರದ ಕಚೇರಿಯೊಂದರ ಆವರಣದಲ್ಲಿ ಎದೆಯೆತ್ತರದ ಕಲ್ಲೊಂದಿದೆ. ಸ್ವಾತಂತ್ರ್ಯದ ಬೆಳ್ಳಿಹಬ್ಬದ ಹೊತ್ತಿನಲ್ಲಿ, ಅಂದರೆ 1972ರ ಆಸುಪಾಸಿನಲ್ಲಿ, ದೇಶದ ಅನೇಕ ಕಡೆ ನಿಲ್ಲಿಸಿದ ಸ್ಮಾರಕಗಳಲ್ಲಿ ಅದೂ ಒಂದು. ಒಂದು ಮುಖದಲ್ಲಿ ಸಂವಿಧಾನದ ಪೀಠಿಕೆಯಿದೆ, ಇನ್ನೊಂದರಲ್ಲಿ ಈ ಭಾಗದ ಹೋರಾಟಗಾರರ ಹೆಸರುಗಳಿವೆ. ಧ್ವಜಾರೋಹಣಕ್ಕೆ ಮುನ್ನ ಅದಕ್ಕೆ ಎಣ್ಣೆಬಣ್ಣ ಬಳಿಯುತ್ತಾರೆ. ಗೌರವದಿಂದಲೇ ಬಳಿಯುತ್ತಾರೆ, ಆದರೆ ವರ್ಷವರ್ಷವೂ ಪದರದ ಮೇಲೆ ಪದರ ಕೂತು, ಕೊರೆದ ಅಕ್ಷರಗಳ ತಗ್ಗು ತುಂಬಿಹೋಗಿದೆ.

ಆ ಹೆಸರುಗಳಿಗೆ ತೆತ್ತ ಬೆಲೆ ಸಣ್ಣದಲ್ಲ. 1947ರ ಆಗಸ್ಟ್ 15ರಂದು ದೇಶಕ್ಕೆ ಬಂದ ಸ್ವಾತಂತ್ರ್ಯ ಕೊಪ್ಪಳ, ರಾಯಚೂರಿಗೆ ಬರಲಿಲ್ಲ. ನಾವು ನಿಜಾಮನ ಸಂಸ್ಥಾನದಲ್ಲೇ ಉಳಿದೆವು. ಗಡಿಯಾಚೆ ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳ ನೇತೃತ್ವದ ಶಿಬಿರವೂ ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರ ಶಿಬಿರವೂ ನಡೆದವು. ಒಕ್ಕಲುತನದ ಮನೆಗಳ ಹುಡುಗರು ಅಲ್ಲಿ ಸೇರಿ, ಗಡಿ ದಾಟಿ ಬಂದು, ಕರೋಡಗಿರಿ ನಾಕಾಗಳ, ಅಂದರೆ ಸುಂಕದ ಕಟ್ಟೆಗಳ ಮೇಲೂ ಪೊಲೀಸ್ ಠಾಣೆಗಳ ಮೇಲೂ ದಾಳಿ ಮಾಡಿದರು. ಭಾರತದ ಸೇನೆ 1948ರ ಸೆಪ್ಟೆಂಬರ್ 13ರಂದು ಒಳಬಂದಿತು. 17ರಂದು ನಿಜಾಮ ಶರಣಾದ. ಸಮವಸ್ತ್ರವಾಗಲಿ ಸಂಬಳವಾಗಲಿ ಇಲ್ಲದಿದ್ದ ಆ ಹುಡುಗರನ್ನು ನಾನು ಸೈನಿಕರೆಂದೇ ಕರೆಯುತ್ತೇನೆ.

ಇದಕ್ಕೂ 90 ವರ್ಷ ಹಿಂದೆ, 1858ರಲ್ಲಿ, ಮುಂಡರಗಿ ಭೀಮರಾಯ ಮತ್ತು ಹಮ್ಮಿಗೆಯ ಕೆಂಚನಗೌಡ ಬ್ರಿಟಿಷರ ವಿರುದ್ಧ ಎದ್ದು ಕೊಪ್ಪಳದ ಕೋಟೆ ಹಿಡಿದಿದ್ದರು. ಜೂನ್ 1ರಂದು ಕೋಟೆ ಬಿದ್ದಿತು, ಇಬ್ಬರೂ ಹೋರಾಡುತ್ತ ಮಡಿದರು. ಆ ಇಬ್ಬರ ಹೆಸರು ನಮ್ಮ ಬಾಯಲ್ಲಿದೆ. ಅವರ ಜೊತೆ ಗೋಡೆಯ ಮೇಲೆ ನಿಂತವರ ಹೆಸರು ಯಾರ ಬಾಯಲ್ಲಿದೆ? ಕೋಟೆಯ ಮೆಟ್ಟಿಲೇರುವಾಗಲೆಲ್ಲ ಈ ಪ್ರಶ್ನೆ ನನ್ನನ್ನು ತಡೆದು ನಿಲ್ಲಿಸುತ್ತದೆ, ಏಕೆಂದರೆ ಕೊಪ್ಪಳವೆಂದರೆ ಹಿಂದಿನ ಕೊಪಣ. ಗವಿಮಠದ ಬೆಟ್ಟದಲ್ಲೂ ಪಾಲ್ಕಿಗುಂಡಿನಲ್ಲೂ ಅಶೋಕನ ಶಾಸನವಿರುವ, ಸಲ್ಲೇಖನದಿಂದ, ಅಂದರೆ ಉಪವಾಸ ವ್ರತದಿಂದ, ದೇಹಬಿಟ್ಟ ಜೈನ ಮುನಿಗಳ ಹೆಸರನ್ನು ಬಂಡೆಯಲ್ಲಿ ಕೊರೆದಿಟ್ಟ ಊರು. ತುರುಗಳನ್ನು ಕಾಯುತ್ತ ಸತ್ತವನಿಗೂ ವೀರಗಲ್ಲು ನಿಲ್ಲಿಸಿದ ನಾಡು ನಮ್ಮದು. ಆ ಕಲ್ಲಿನ ಕೆಳಗಿನ ಪಟ್ಟಿಯಲ್ಲಿ ಅವನ ಕಾಳಗವಿರುತ್ತದೆ, ಬರಹವಿದ್ದರೆ ಹೆಸರೂ ಊರೂ ಇರುತ್ತವೆ. ಸತ್ತವರನ್ನು ನೆನೆಯುವ ಕ್ರಮವನ್ನು ನಾವು ಹೊರಗಿನಿಂದ ಕಲಿಯಬೇಕಾಗಿಲ್ಲ.

ಆದ್ದರಿಂದ ಹೊಸ ಪ್ರತಿಮೆಗಿಂತ ಮೊದಲು ಇರುವ ಕಲ್ಲಿನ ಬಣ್ಣ ತೆಗೆಸಬೇಕೆಂಬುದು ನನ್ನ ಬೇಡಿಕೆ. ಕಲ್ಲಿಗೆ ಗಾಯವಾಗದಂತೆ, ಬಲ್ಲವರ ಕೈಯಿಂದಲೇ ಅದು ಆಗಬೇಕು. ಈ ಮಾತನ್ನು ಬರೆದು ಕಚೇರಿಗೆ ಎರಡು ಸಲ ಕೊಟ್ಟಿದ್ದೇನೆ.

ಕಳೆದ ಸೆಪ್ಟೆಂಬರ್ 17ರ ಸಂಜೆ, ಸಭೆ ಮುಗಿದು ಶಾಮಿಯಾನ ಬಿಚ್ಚುತ್ತಿದ್ದಾಗ, ನೋಟ್‌ಬುಕ್ ಹಿಡಿದು ಕಲ್ಲಿನ ಮುಂದೆ ಕುಳಿತೆ. ಓರೆಯಾಗಿ ಬಿದ್ದ ಬಿಸಿಲಿಗೆ, ಮಧ್ಯಾಹ್ನ ಕಾಣದಿದ್ದ ಗೆರೆಗಳು ಸಣ್ಣ ನೆರಳಾಗಿ ಎದ್ದವು. ಎರಡು ಹೆಸರುಗಳನ್ನು ಪೂರ್ತಿ ಬರೆದುಕೊಂಡೆ. ಮೂರನೆಯ ಸಾಲಿನಲ್ಲಿ ಊರಿನ ಹೆಸರಷ್ಟೇ ಸಿಕ್ಕಿತು; ಅದರ ಹಿಂದಿನ ಅಕ್ಷರಗಳನ್ನು ಬೆರಳಿನಿಂದ ತಡವುತ್ತಿರುವಾಗಲೇ ಬೆಳಕು ಹೋಯಿತು.