ಸ್ಕ್ರೀನ್ ಮೇಲೆ ಗಟ್ಟಿ, ಟ್ಯೂಬಿನಲ್ಲಿ ಸಡಿಲ

ಆ ದಿನ ಬೆಳಿಗ್ಗೆ ನಾನು ಸ್ವಲ್ಪ ಜಾಸ್ತಿಯೇ ಖುಷಿಯಲ್ಲಿದ್ದೆ. ರಾತ್ರಿಯೆಲ್ಲಾ ಕಂಪ್ಯೂಟರ್ ಕ್ಲಸ್ಟರ್‌ನಲ್ಲಿ ಓಡುತ್ತಿದ್ದ, ಪ್ರೋಟೀನು ಹೇಗೆ ಅಲುಗಾಡುತ್ತದೆ ಅಂತ ತೋರಿಸುವ ಸಿಮ್ಯುಲೇಶನ್ ಮುಗಿದಿತ್ತು. ಡೆಂಗ್ಯೂ ವೈರಸ್ಸಿನ ಹೊರಮೈಯಲ್ಲಿ ಇರುವ ಇ ಪ್ರೋಟೀನಿನ ಎರಡು ಪ್ರತಿಗಳು 200 ನ್ಯಾನೋಸೆಕೆಂಡೂ ಒಂದನ್ನೊಂದು ಬಿಡದೆ ಹಿಡಿದುಕೊಂಡಿದ್ದವು. ಗ್ರಾಫಿನ ಗೆರೆ ಎಲ್ಲೂ ಅಲುಗಾಡಿರಲಿಲ್ಲ. ಮಧ್ಯಾಹ್ನದ ಮೀಟಿಂಗಿಗೆ ಒಳ್ಳೇ ಚಿತ್ರ ಸಿಕ್ಕಿತು ಅಂದುಕೊಂಡೆ.

ಎರಡು ಪ್ರೋಟೀನ್ ಅಂಟಿಕೊಂಡರೆ ಅದೇನು ಮಹಾ ಅಂತ ಯಾರಿಗಾದರೂ ಅನ್ನಿಸಬಹುದು. ನನಗೂ ಮೊದಲು ಹಾಗೇ ಅನ್ನಿಸಿತ್ತು.

ಡೆಂಗ್ಯೂ ವೈರಸ್ಸಿನಲ್ಲಿ ನಾಲ್ಕು ಬಗೆ. ಒಂದು ಬಗೆ ಬಂದು ಹೋದ ಮೇಲೆ ಇನ್ನೊಂದು ತಗುಲಿದರೆ ಕಾಯಿಲೆ ಮೊದಲಿಗಿಂತ ಜೋರಾಗಬಹುದು. ಹಳೇ ಪ್ರತಿಕಾಯಗಳು ಹೊಸ ವೈರಸ್ಸನ್ನು ಹಿಡಿಯುತ್ತವೆ, ಆದರೆ ತಡೆಯುವಷ್ಟು ಬಿಗಿಯಾಗಿ ಅಲ್ಲ. ಹೀಗೆ ಅರೆಬರೆ ಹಿಡಿದ ಪ್ರತಿಕಾಯವೇ ವೈರಸ್ಸನ್ನು ಬಿಳಿ ರಕ್ತಕಣದೊಳಗೆ ಕರೆದುಕೊಂಡು ಹೋಗುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಫಿಲಿಪ್ಪೀನ್ಸ್‌ನಲ್ಲಿ 2016ರಲ್ಲಿ ಶಾಲಾ ಮಕ್ಕಳಿಗೆ ಡೆಂಗ್ಯೂ ಲಸಿಕೆ ಕೊಡಲು ಶುರು ಮಾಡಿದ್ದರು. 2017ರ ಕೊನೆಯಲ್ಲಿ ನಿಲ್ಲಿಸಬೇಕಾಯಿತು. ಮೊದಲು ಡೆಂಗ್ಯೂ ಬಾರದೇ ಇದ್ದವರು ಆ ಲಸಿಕೆ ತೆಗೆದುಕೊಂಡು, ಆಮೇಲೆ ಸೋಂಕು ತಗುಲಿದರೆ ಕಾಯಿಲೆ ತೀವ್ರವಾಗುವ ಅಪಾಯ ಜಾಸ್ತಿ ಅಂತ ಗೊತ್ತಾಗಿತ್ತು.

ಈ ಅರೆಬರೆ ಪ್ರತಿಕಾಯಗಳಲ್ಲಿ ತುಂಬಾ ಹುಟ್ಟುವುದು ಇ ಪ್ರೋಟೀನಿನ ತುದಿಯ ಒಂದು ಪುಟ್ಟ ಕುಣಿಕೆಯನ್ನು ನೋಡಿ. ನಾಲ್ಕೂ ಬಗೆಯಲ್ಲಿ ಅದು ಒಂದೇ ಥರ ಇರುತ್ತದೆ. ಬಲಿತ ವೈರಸ್ಸಿನ ಮೇಲೆ 180 ಇ ಪ್ರೋಟೀನುಗಳು ಎರಡೆರಡಾಗಿ, ಒಟ್ಟು 90 ಜೋಡಿಯಾಗಿ ಅಡ್ಡ ಮಲಗಿರುತ್ತವೆ. ಜೋಡಿಯಲ್ಲಿ ಇದ್ದಾಗ ಒಂದರ ಕುಣಿಕೆ ಇನ್ನೊಂದರ ಮೈಗೆ ಒತ್ತಿಕೊಂಡು ಮರೆಯಾಗುತ್ತದೆ. ಜೋಡಿ ಬಿಚ್ಚಿತೋ, ಕುಣಿಕೆ ಹೊರಗೆ ಬಿತ್ತು. 2015ರಲ್ಲಿ ಇನ್ನೊಂದು ಸಂಗತಿ ಬೆಳಕಿಗೆ ಬಂತು. ಕೆಲವು ರೋಗಿಗಳ ರಕ್ತದಲ್ಲಿ ಜೋಡಿಯ ಸಂದಿಗೆ ಅಡ್ಡಲಾಗಿ ಕೂರುವ ಪ್ರತಿಕಾಯಗಳು ಸಿಕ್ಕಿದವು. ಅವು ನಾಲ್ಕೂ ಬಗೆಯನ್ನು ತಡೆಯುತ್ತಿದ್ದವು. ಝೀಕಾವನ್ನೂ ತಡೆಯುತ್ತವೆ ಅಂತ ಆಮೇಲೆ ಗೊತ್ತಾಯಿತು. ಜೋಡಿ ಇಲ್ಲ ಅಂದರೆ ಅವು ಕೂರುವ ಜಾಗವೂ ಇಲ್ಲ, ಅಲ್ವಾ? ಅದಕ್ಕೇ ಲಸಿಕೆಗಾಗಿ ನಮಗೆ ಬಿಚ್ಚದ ಜೋಡಿ ಬೇಕಿತ್ತು.

ಸಂದಿಯಲ್ಲಿ ನಾಲ್ಕು ಅಮೈನೋ ಆಮ್ಲಗಳನ್ನು ಬದಲಾಯಿಸಿ ನಾನೊಂದು ವಿನ್ಯಾಸ ಮಾಡಿದ್ದೆ. ಜೋಡಿ ಎಷ್ಟು ಗಟ್ಟಿ ಅಂತ ಕಂಪ್ಯೂಟರ್ ಕೊಟ್ಟ ಸ್ಕೋರ್ ಚೆನ್ನಾಗಿತ್ತು. ಜೀನ್ ತರಿಸಿ, ಪ್ರೋಟೀನ್ ಬೆಳೆಸುವ ಕೆಲಸವನ್ನು ಸೀನಿಯರ್ ಮೇಡಂ ಮಾಡುತ್ತಿದ್ದರು. ರಾತ್ರಿಯ ಸಿಮ್ಯುಲೇಶನ್, ನಿಜ ಹೇಳಬೇಕೆಂದರೆ, ಬರೀ ಚಿತ್ರಕ್ಕೆ.

ಹನ್ನೊಂದು ಗಂಟೆ ಹೊತ್ತಿಗೆ ಅವರು ಕೋಲ್ಡ್ ರೂಮಿನಿಂದ ಸ್ವೆಟರ್ ಬಿಚ್ಚುತ್ತಾ ಬಂದರು. ಕೈಯಲ್ಲಿ ಎರಡು ಪ್ರಿಂಟ್. ಅವರು ಪ್ರೋಟೀನನ್ನು ಸಣ್ಣ ಮಣಿಗಳ ಕಾಲಂನಲ್ಲಿ ಹರಿಸಿದ್ದರು. ಚಿಕ್ಕ ಅಣುಗಳು ಮಣಿಗಳ ರಂಧ್ರಗಳಲ್ಲಿ ನುಸುಳಿ ತಡವಾಗಿ ಬರುತ್ತವೆ. ದೊಡ್ಡವು ನುಸುಳಲಾರದೆ ಬೇಗ ಬರುತ್ತವೆ. ತಣ್ಣಗಿಟ್ಟ ಟ್ಯೂಬಿನದು ಬೇಗ ಬಂದಿತ್ತು, ಅಂದರೆ ಜೋಡಿ. 37 ಡಿಗ್ರಿಯಲ್ಲಿ ಇಟ್ಟು ತೆಗೆದದ್ದು ತಡವಾಗಿ ಬಂದಿತ್ತು. ಒಂಟಿ.

"ನಿನ್ನ ಸಿಮ್ಯುಲೇಶನ್ ಎಷ್ಟು ಡಿಗ್ರಿಯಲ್ಲಿ ಓಡಿಸಿದೆ?" ಅಂತ ಕೇಳಿದರು.

ಫೈಲ್ ತೆರೆದೆ. 300 ಕೆಲ್ವಿನ್. ಕಲಿಯುವಾಗ ಯಾವುದೋ ಪಾಠದಿಂದ ಎತ್ತಿಕೊಂಡ ಫೈಲದು. ಆ ಸಾಲನ್ನು ನಾನು ಒಮ್ಮೆಯೂ ಮುಟ್ಟಿರಲಿಲ್ಲ. 300 ಅಂದರೆ 27 ಡಿಗ್ರಿ. ಆ ಮೈ ಬಿಸಿಯಲ್ಲಿ ಬದುಕಿರುವ ಮನುಷ್ಯ ಯಾರಿದ್ದಾನೆ? ವೈರಸ್ ಇಲ್ಲದೆ ಬರೀ ಇ ಪ್ರೋಟೀನನ್ನಷ್ಟೇ ತಯಾರಿಸಿದರೆ ಅದರ ಜೋಡಿ ಮೈ ಬಿಸಿಗೆ ಬಿಚ್ಚಿಕೊಳ್ಳುತ್ತದೆ ಅಂತ 2018ರಲ್ಲೇ ಒಂದು ಪ್ರಬಂಧ ಬಂದಿದೆ. ಅದನ್ನು ಅಡಿಗೆರೆ ಹಾಕಿಕೊಂಡು ಓದಿದ್ದವನು ನಾನೇ.

"310ಕ್ಕೆ ಹಾಕಿ ಮತ್ತೆ ಓಡಿಸ್ತೀನಿ ಮೇಡಂ" ಅಂದೆ.

"ಓಡಿಸು. ಆಗಲೂ ಬಿಚ್ಚಲ್ಲ, ನೋಡು" ಅಂದರು.

ಸಿಟ್ಟು ಬಂತು. ಆಮೇಲೆ ಕೂತು ಲೆಕ್ಕ ಹಾಕಿದಾಗ ಅವರು ಹೇಳಿದ್ದೇ ಸರಿ ಅನ್ನಿಸಿತು. ಟ್ಯೂಬಿನಲ್ಲಿ ಜೋಡಿ ಬಿಚ್ಚಲು ನಿಮಿಷಗಟ್ಟಲೆ ಸಮಯ ಇರುತ್ತದೆ. ನಾನು ನೋಡಿದ್ದು ಸೆಕೆಂಡಿನ ಕೋಟಿ ಭಾಗದಲ್ಲಿ ಬರೀ ಎರಡು ಭಾಗದಷ್ಟು ಹೊತ್ತಿನ ಅಲುಗಾಟ, ಅಷ್ಟೇ. ಸಾಲದ್ದಕ್ಕೆ ನನ್ನ ಮಾಡೆಲಿನ ಪೆಟ್ಟಿಗೆ ತೀರಾ ಪುಟ್ಟದು. ಜೋಡಿಗೆ ಸುತ್ತ ಒಂದಿಷ್ಟು ನೀರು, ಮುಗೀತು. ಬಿಚ್ಚಿದರೂ ಎಲ್ಲಿಗೆ ಹೋಗಬೇಕು ಅವು? ಲಸಿಕೆಯಾಗಿ ಚುಚ್ಚಿದ ಪ್ರೋಟೀನ್ ಮೈಯಲ್ಲಿ ಎಷ್ಟೋ ಪಟ್ಟು ತೆಳುವಾಗುತ್ತದೆ. ಒಮ್ಮೆ ಬೇರೆಯಾದರೆ ಮತ್ತೆ ಜೊತೆ ಸಿಗುವುದು ಕಷ್ಟ. ತಾಪಮಾನದ ಸಾಲು ನನ್ನ ಚಿಕ್ಕ ತಪ್ಪು. ಬಿಚ್ಚಲು ಜಾಗವನ್ನೂ ಸಮಯವನ್ನೂ ಕೊಡದೆ, ಬಿಚ್ಚಲಿಲ್ಲ ಅಂತ ಸಂಭ್ರಮಿಸಿದ್ದು ದೊಡ್ಡದು.

ಡೇವಿಡ್ ಬೇಕರ್‌ಗೆ 2024ರಲ್ಲಿ ಪ್ರೋಟೀನ್ ವಿನ್ಯಾಸಕ್ಕಾಗಿ ನೊಬೆಲ್ ಬಂದಮೇಲೆ ಇದೆಲ್ಲಾ ಬಟನ್ ಒತ್ತಿದರೆ ಆಗುವ ಕೆಲಸ ಅಂತ ಪರಿಚಯದವರು ಹೇಳುತ್ತಿರುತ್ತಾರೆ. ಬಟನ್ ಇದೆ ನಿಜ.

ಮೀಟಿಂಗಿನಲ್ಲಿ ನನ್ನ ಗ್ರಾಫ್ ಬದಲು ಮೇಡಂ ಅವರ ಎರಡು ಪ್ರಿಂಟ್ ತೋರಿಸಿದೆವು. ಮಧ್ಯಾಹ್ನ ಪೂರ್ತಿ ಇಬ್ಬರೂ ಒಂದೇ ಸ್ಕ್ರೀನ್ ಮುಂದೆ ಕೂತೆವು. ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದವರು 2021ರಲ್ಲಿ ಎರಡನೇ ಬಗೆಯ ಡೆಂಗ್ಯೂವಿನ ಜೋಡಿಯನ್ನು ಕಂಪ್ಯೂಟರ್ ವಿನ್ಯಾಸದಿಂದಲೇ ಬಿಗಿ ಮಾಡಿ ತೋರಿಸಿದ್ದರು. ದಾರಿ ಇದೆ ಅನ್ನುವುದಂತೂ ಗೊತ್ತಿತ್ತು. ಈ ಸಲ ಜೋಡಿಯ ಸಂದಿಯ ಜೊತೆಗೆ ಒಂದೊಂದು ಪ್ರೋಟೀನಿನ ಒಳಗೂ ಕಣ್ಣಾಡಿಸಿದೆವು. ಒಳಗೆ ಟೊಳ್ಳಾಗಿದ್ದ ಕಡೆ ದಪ್ಪನೆಯ, ನೀರಿಗೆ ಹೆದರುವ ಅಮೈನೋ ಆಮ್ಲಗಳನ್ನು ತುಂಬಿಸಿ ನೋಡಿದೆವು. ಸಂಜೆಗೆ ಹನ್ನೊಂದು ವಿನ್ಯಾಸ ಆದವು.

ಮೇಡಂ ಪಟ್ಟಿ ತೆಗೆದುಕೊಂಡು ಮೊದಲೆರಡನ್ನು ಹೊಡೆದು ಹಾಕಿದರು. ಎಲ್ಲಕ್ಕಿಂತ ಒಳ್ಳೇ ಸ್ಕೋರ್ ಇದ್ದದ್ದು ಅವೆರಡಕ್ಕೇ.

"ಯಾಕೆ?" ಅಂದೆ.

"ಒಳ್ಳೇ ಪ್ರತಿಕಾಯ ಕೂರೋ ಜಾಗವನ್ನೇ ಬದಲಾಯಿಸಿದ್ದೀಯ. ಜೋಡಿ ಗಟ್ಟಿ ಆಗುತ್ತೆ. ಆದರೆ ಮೈ ಕಲಿಯೋದು ವೈರಸ್ಸಿನಲ್ಲಿ ಇಲ್ಲದೇ ಇರೋ ಆಕಾರವನ್ನ."

ಉಳಿದ ಒಂಬತ್ತನ್ನು ಆರ್ಡರಿಗೆ ಕಳಿಸಿದೆವು. ಹೊರಡುವ ಮುಂಚೆ ನಾನು ಹಳೇ ಫೈಲ್ ತೆರೆದು 300 ಅಳಿಸಿ 310 ಅಂತ ಬರೆದೆ.

"ಅದನ್ನ ಮತ್ತೆ ಯಾಕೆ ಓಡಿಸ್ತೀಯ?" ಅಂತ ಮೇಡಂ ನಕ್ಕರು.

"ಚಿತ್ರಕ್ಕೆ ಬೇಕಲ್ಲ ಮೇಡಂ."