ಹಮ್ ಲೋಗ್ ಹೀ ಬನಾಯಾ, ದೀದಿ

ಮಂಗಳವಾರ ಸಂಜೆ ಕೇಳಿದ ಮಾತು. ಇವತ್ತಿಗೂ ತಲೆಯಿಂದ ಹೋಗಿಲ್ಲ.

ನಾಲ್ಕು ತಿಂಗಳಿಂದ ನಾನು ಶಾಲೆಗೆ ಸೈಕಲಿನಲ್ಲೇ ಹೋಗುತ್ತಿದ್ದೇನೆ. ಮಗಳ ಸೈಕಲ್ ಅದು. ಅವಳು ಓದಲು ಮಂಗಳೂರಿಗೆ ಹೋದ ಮೇಲೆ ಸುಮ್ನೆ ಜಗಲಿಯಲ್ಲಿತ್ತು. ಮನೆಯಿಂದ ಕಾಸರಗೋಡು ಪೇಟೆಗೆ 5 ಕಿಲೋಮೀಟರ್, ಅರ್ಧ ಗಂಟೆ ಸಾಕು. ಪೆಟ್ರೋಲ್ ಬೇಡ, ಹೊಗೆ ಇಲ್ಲ, ಮಂಡಿನೋವೂ ಕಮ್ಮಿಯಾಗಿದೆ. ಆದರೆ ದಾರಿಯಲ್ಲಿ ಸಿಕ್ಕವರೆಲ್ಲ ಕೇಳುವುದು ಒಂದೇ: "ಟೀಚರೇ, ಸ್ಕೂಟರಿಗೆ ಎಂತ ಆಯ್ತು?" ಏನೂ ಆಗಿಲ್ಲ ಎಂದರೆ ನಂಬುವುದಿಲ್ಲ. ನಮ್ಮ ಶಾಲೆಯಲ್ಲೇ ಒಬ್ಬರು ಎರಡು ಕಿಲೋಮೀಟರಿಗೆ ಒಬ್ಬರೇ ಕಾರಿನಲ್ಲಿ ಬರುತ್ತಾರೆ. ಅವರ ಕಾರಿಗೆ ಎಂತ ಆಯ್ತು ಎಂದು ಯಾರೂ ಕೇಳುವುದಿಲ್ಲ, ಅಲ್ವಾ?

ಅವತ್ತು ಮಧ್ಯಾಹ್ನದಿಂದಲೇ ಮಳೆ ಹೊಯ್ಯುತ್ತಿತ್ತು. ಸಂಜೆ ಕರಂದಕ್ಕಾಡು ದಾಟಿ ಹೆದ್ದಾರಿಯ ಸರ್ವೀಸ್ ರಸ್ತೆಯಲ್ಲಿ ಉತ್ತರಕ್ಕೆ ಬರುತ್ತಿದ್ದೆ. ಆ ರಸ್ತೆಯ ಅಂಚಿನಲ್ಲಿ ಚರಂಡಿಯ ಮೇಲೆ ಕಾಂಕ್ರೀಟ್ ಹಲಗೆ ಹಾಸಿದ್ದಾರೆ. ನಡೆಯುವವರಿಗೂ ಅದೇ, ಬಸ್ಸು ಬಂದಾಗ ನನಗೂ ಅದೇ. ಎರಡು ಹಲಗೆಗಳ ನಡುವೆ ಮೂರು ಬೆರಳಿನಷ್ಟು ಸಂದು. ಸೈಕಲ್ ಚಕ್ರ ಅದರಲ್ಲಿ ಸರಿಯಾಗಿ ಕೂರುತ್ತದೆ. ಹಾಗಾಗಿ ಹಿಂದಿನಿಂದ ಹಾರ್ನ್ ಕೇಳಿದರೆ ನಾನು ಮೊದಲು ನೋಡುವುದು ಆ ಸಂದನ್ನೇ.

ನಮ್ಮ ಮನೆಯ ತಿರುವು ಹೆದ್ದಾರಿಯ ಆಚೆ ಬದಿಯಲ್ಲಿದೆ. ದಾಟಬೇಕಾದರೆ ಅಂಡರ್‌ಪಾಸ್ ಹಿಡಿಯಬೇಕು. ಅವತ್ತು ಅದರೊಳಗೆ ಪೆಡಲ್ ಮುಳುಗುವಷ್ಟು ನೀರು. ಬಂದ ದಾರಿಯಲ್ಲೇ ವಾಪಸು ಹೋಗಬೇಕೋ, ಮುಂದೆ ಹೋಗಬೇಕೋ ತಿಳಿಯದೆ ಹೆದ್ದಾರಿಯ ಗೋಡೆಯ ಪಕ್ಕ ನಿಂತೆ. ಮನೆಯ ಹಿಂದಿನ ತೆಂಗಿನ ಮರಗಳ ತಲೆ ಆಚೆ ಕಾಣುತ್ತಿತ್ತು.

ಆಗ ಆ ಹುಡುಗ ಬಂದ. ಇಪ್ಪತ್ತೆರಡು ಇರಬಹುದು. ಹಳೆಯ ಕಪ್ಪು ಸೈಕಲ್, ಸೀಟಿಗೆ ಪ್ಲಾಸ್ಟಿಕ್ ತೊಟ್ಟೆ ಕಟ್ಟಿದ್ದ. ಹ್ಯಾಂಡಲಿನಲ್ಲಿ ಬುತ್ತಿ, ಕ್ಯಾರಿಯರಿನಲ್ಲಿ ಹಳದಿ ಹೆಲ್ಮೆಟ್. ನಮ್ಮ ಕಡೆ ಈಗ ದಿನಾ ಸೈಕಲ್ ತುಳಿಯುವವರಲ್ಲಿ ಜಾಸ್ತಿ ಇವರೇ. ಬಂಗಾಳದಿಂದ, ಒಡಿಶಾದಿಂದ, ಬಿಹಾರದಿಂದ ಬಂದವರು. ನನ್ನ ಹರಕು ಹಿಂದಿಯಲ್ಲಿ ಆಚೆ ಹೋಗುವುದು ಹೇಗೆ ಎಂದು ಕೇಳಿದೆ. ಮುಂದೆ ಕಾಲುಸೇತುವೆ ಉಂಟು, ಬನ್ನಿ ಎಂದ.

ಕಾಲುಸೇತುವೆ ಎಂದರೆ ಬರೀ ಮೆಟ್ಟಿಲು. ಅವನು ತನ್ನ ಸೈಕಲನ್ನು ಹೆಗಲಿಗೇರಿಸಿ ಹತ್ತಿದ. ಮೇಲಿಟ್ಟು, ಕೆಳಗೆ ಬಂದು, ಬೇಡ ಬೇಡ ಎಂದರೂ ಕೇಳದೆ ನನ್ನದನ್ನೂ ಹೊತ್ತ. ಮೇಲೆ ನಿಂತು ಇಬ್ಬರೂ ಉಸಿರು ಬಿಟ್ಟೆವು. ಕೆಳಗೆ ಆರು ಪಥ, ಲೈಟು ಹಾಕಿಕೊಂಡು ಓಡುವ ಲಾರಿ, ಕಾರು. ಅವನು ಗೋಡೆಯ ಕಡೆ ಕೈ ತೋರಿಸಿ, "ಯೇ ಹಮ್ ಲೋಗ್ ಹೀ ಬನಾಯಾ, ದೀದಿ" ಎಂದ.

ಇದನ್ನು ನಾವೇ ಕಟ್ಟಿದ್ದು ಅಂತ. ದೂರಿನ ದನಿ ಇರಲಿಲ್ಲ. ಹೆಮ್ಮೆಯೇ ಇತ್ತು. ಅದಕ್ಕೇ ನನಗೆ ಹೊಟ್ಟೆಯಲ್ಲಿ ಏನೋ ಆಯಿತು. ಗೋಡೆ ಕಟ್ಟಿದವನು ಆ ಗೋಡೆ ದಾಟಲು ಸೈಕಲ್ ಹೊರುತ್ತಿದ್ದಾನೆ. ನಾವೇ ಕಟ್ಟಿದ್ದು, ದೀದಿ.

ಇಳಿಯುವಾಗ ಊರು ಯಾವುದು ಎಂದೆ. ಬಂಗಾಳದ ಮಾಲ್ದಾ. ತಂಗಿ ಹತ್ತನೇ ಕ್ಲಾಸ್, ಅವಳಿಗೆ ಶಾಲೆಯಿಂದ ಸೈಕಲ್ ಸಿಕ್ಕಿದೆ ಎಂದ. ಬಂಗಾಳದಲ್ಲಿ 2015ರಿಂದ ಸಬೂಜ್ ಸಾಥಿ ಎಂಬ ಯೋಜನೆ ಇದೆ. ಸರಕಾರಿ ಶಾಲೆಯ ಒಂಬತ್ತನೇ ಕ್ಲಾಸಿನಿಂದ ಮೇಲಿನ ಮಕ್ಕಳಿಗೆ ಸೈಕಲ್ ಕೊಡುತ್ತಾರೆ. ಗಡಿಯ ತಲಪಾಡಿ ದಾಟಿದರೆ ಕರ್ನಾಟಕದಲ್ಲೂ 2006ರಲ್ಲಿ ಎಂಟನೇ ಕ್ಲಾಸಿನವರಿಗೆ ಸೈಕಲ್ ಕೊಡಲು ಶುರು ಮಾಡಿದ್ದರು. ಉಳ್ಳಾಲದ ನನ್ನ ಅಕ್ಕನ ಮಗಳು ಆ ಸೈಕಲಿನಲ್ಲೇ ಹೈಸ್ಕೂಲು ಮುಗಿಸಿದಳು.

ಸೈಕಲ್ ಕೊಟ್ಟರೆ ಮಕ್ಕಳು ತುಳಿಯುತ್ತಾರೆ. ಅದರಲ್ಲಿ ನನಗೆ ಸಂಶಯವೇ ಇಲ್ಲ. ಆದರೆ ತುಳಿಯಲು ದಾರಿ? ಹೆದ್ದಾರಿಗೆ ನಮ್ಮ ಜನ ಬಿಟ್ಟುಕೊಟ್ಟದ್ದು 45 ಮೀಟರ್ ಅಗಲದ ಜಾಗ. ಮನೆ ಬಿಟ್ಟರು, ಅಂಗಡಿ ಬಿಟ್ಟರು. ತಲಪಾಡಿಯಿಂದ ಚೆಂಗಳದವರೆಗೆ 39 ಕಿಲೋಮೀಟರಿನಲ್ಲಿ ಸೈಕಲಿಗೆಂದು ಬಿಟ್ಟ ಒಂದೇ ಒಂದು ಮೀಟರ್ ಅಗಲದ ಪಟ್ಟಿ ನನ್ನ ಕಣ್ಣಿಗೆ ಬಿದ್ದಿಲ್ಲ. ರಸ್ತೆ ಬೇಡ ಎಂದು ನಾನು ಹೇಳುವುದಿಲ್ಲ. ಆಂಬುಲೆನ್ಸ್ ಈಗ ಮಂಗಳೂರಿಗೆ ಬೇಗ ಮುಟ್ಟುತ್ತದೆ, ಅದು ದೊಡ್ಡ ವಿಷಯ. ಆದರೆ ದೂರ ಹೋಗುವವರ ಲೆಕ್ಕ ಹಾಕುವಾಗ ಆಚೆ ಮನೆಗೆ ಹೋಗುವವರ ಲೆಕ್ಕ ಬಿಟ್ಟು ಹೋಗಿದೆ.

ನೆದರ್ಲೆಂಡ್ಸ್ ಎಂದರೆ ಸೈಕಲ್ ದೇಶ, ಅಲ್ಲಿಯ ಜನರೇ ಬೇರೆ ಎನ್ನುತ್ತಾರೆ. ಹಾಗೇನೂ ಅಲ್ಲ. ಅಲ್ಲೂ ಕಾರು ತುಂಬಿಕೊಂಡು 1971ರ ಒಂದೇ ವರ್ಷದಲ್ಲಿ 400ಕ್ಕೂ ಜಾಸ್ತಿ ಮಕ್ಕಳು ರಸ್ತೆಯಲ್ಲಿ ಸತ್ತರು. ಅಪ್ಪ ಅಮ್ಮಂದಿರು ಬೀದಿಗಿಳಿದು ಕೂತರು. ಆಮೇಲೆ ದಾರಿ ಬಂತು. ಅಲ್ಲಿ ಸೈಕಲ್ ಏರಿಸಬೇಕಾದ ಮೆಟ್ಟಿಲಿನ ಬದಿಯಲ್ಲಿ ಚಕ್ರ ಉರುಳುವಷ್ಟು ಅಗಲದ ಸಣ್ಣ ಜಾರುಪಟ್ಟಿ ಹಾಕುತ್ತಾರೆ. ಸೈಕಲನ್ನು ಹೊರಬೇಕಾಗಿಲ್ಲ, ಪಕ್ಕದಲ್ಲಿ ನಡೆದುಕೊಂಡು ತಳ್ಳಿದರೆ ಸಾಕು. ಅಷ್ಟೇ ಸಾಕಿತ್ತು ಅವತ್ತು ಆ ಹುಡುಗನಿಗೆ.

ನಿನ್ನೆ ಬೇಗ ಹೊರಟು ಕಾಲುಸೇತುವೆಗೆ ಹೋದೆ. ಮೆಟ್ಟಿಲು ಎಣಿಸಿದೆ: ಒಂದು ಬದಿಗೆ 46. ಟೈಲರಿಂಗ್ ಟೇಪ್ ಹಿಡಿದು ಅಗಲವನ್ನೂ ಅಳೆದೆ. ಕೈ ಹಿಡಿಯುವ ಕಂಬಿಯ ಬುಡದಲ್ಲಿ ಎಂಟು ಇಂಚು ಬಿಟ್ಟುಕೊಟ್ಟರೂ ಇಬ್ಬರು ಎದುರುಬದುರು ನಡೆಯಬಹುದು. ಮನೆಗೆ ಬಂದು ಗ್ರಾಮಸಭೆಗೆ ಕೊಡಲು ಅರ್ಜಿ ಬರೆದೆ. ಕನ್ನಡದ್ದು ಮುಗಿಯಿತು. ಮಲಯಾಳದಲ್ಲೂ ಒಂದು ಇರಲಿ ಎಂದು ಪಕ್ಕದ ಮನೆಯ ಆಯಿಷತ್ತನನ್ನು ಕರೆದೆ. ಜಾರುಪಟ್ಟಿಗೆ ಏನನ್ನುತ್ತಾರೆ ಎಂದು ಇಬ್ಬರಿಗೂ ಹೊಳೆಯಲಿಲ್ಲ. ಕೊನೆಗೆ ಅವಳು ಪೆನ್ನು ತೆಗೆದುಕೊಂಡು, ಮೆಟ್ಟಿಲು, ಪಟ್ಟಿ, ಚಕ್ರ ಎಲ್ಲವನ್ನೂ ಅರ್ಜಿಯ ಕೆಳಗೆ ಚಿತ್ರ ಬರೆದುಬಿಟ್ಟಳು.