ಬೆಂಗಳೂರಿನ ರಸ್ತೆಗಳಲ್ಲಿ ಅಪರೂಪದ ಕಾರುಗಳು: ನೋಟುಪುಸ್ತಕದ ಎರಡನೆಯ ವರ್ಷ

ಕಳೆದ ವರ್ಷದ ಲೆಕ್ಕವನ್ನು ಮುಗಿಸಿದಾಗ ನನ್ನ ನೋಟುಪುಸ್ತಕದಲ್ಲಿ 131 ನಮೂದುಗಳಿದ್ದವು. ಈಗ 212ನೆಯದಕ್ಕೆ ಬಂದು ನಿಂತಿದ್ದೇನೆ, ಅಂದರೆ ಈ ವರ್ಷ ಸೇರಿದ್ದು 81 ಮಾತ್ರ. ಎರಡನೆಯ ವರ್ಷದಲ್ಲಿ ಸಂಖ್ಯೆ ಇಳಿಯಲು ನಗರದಲ್ಲಿ ಕಾರುಗಳು ಕಡಿಮೆಯಾದದ್ದು ಕಾರಣವಲ್ಲ, ನಾನು ನಿಯಮಗಳನ್ನು ಬಿಗಿಗೊಳಿಸಿಕೊಂಡದ್ದು ಕಾರಣ. ಶೋರೂಮಿನ ಗಾಜಿನೊಳಗಿನ ಕಾರು, ಪ್ರದರ್ಶನಕ್ಕೆಂದು ಲಾರಿಯಲ್ಲಿ ಬಂದಿಳಿದ ಕಾರು, ಮದುವೆಯ ಛತ್ರದ ಮುಂದೆ ಹೂವಿನ ಹಾರ ಹಾಕಿಸಿಕೊಂಡು ನಿಂತ ಬಾಡಿಗೆ ಕಾರು, ಇವು ಯಾವುವೂ ಈಗ ಲೆಕ್ಕಕ್ಕಿಲ್ಲ. ಸಾರ್ವಜನಿಕ ರಸ್ತೆಯಲ್ಲಿ ಅದು ತನ್ನದೇ ಎಂಜಿನ್ನಿನ ಬಲದಿಂದ ಓಡುತ್ತಿರಬೇಕು, ಇಲ್ಲವೇ ಹಾಗೆ ಓಡಿ ಬಂದು ರಸ್ತೆಯ ಬದಿಯಲ್ಲಿ ನಿಂತಿರಬೇಕು. ಮೊದಲ ವರ್ಷ ಮರ್ಸಿಡಿಸ್ ಜಿ ವ್ಯಾಗನ್ ಕಂಡಾಗಲೆಲ್ಲ ಬರೆದುಕೊಳ್ಳುತ್ತಿದ್ದೆ. ಸದಾಶಿವನಗರದಲ್ಲಿ ತರಕಾರಿಗೆ ಹೋಗುವವರೂ ಅದೇ ಗಾಡಿಯಲ್ಲಿ ಹೋಗುತ್ತಾರೆಂದು ಅರಿವಾದ ಮೇಲೆ ಅದನ್ನು ಪಟ್ಟಿಯಿಂದ ತೆಗೆದುಬಿಟ್ಟೆ.

ನಿಲ್ಲುವ ಜಾಗಗಳು ಎರಡೇ. ಸಂಜೆಯ ಹೊತ್ತಾದರೆ ವಿಠ್ಠಲ ಮಲ್ಯ ರಸ್ತೆಯಿಂದ ಲ್ಯಾವೆಲ್ ರಸ್ತೆಯವರೆಗಿನ ಸುತ್ತು, ಭಾನುವಾರ ಬೆಳಗಿನ ಐದೂವರೆಯಿಂದ ಎಂಟರವರೆಗಾದರೆ ಹೆಬ್ಬಾಳದ ಆಚೆ ಬಳ್ಳಾರಿ ರಸ್ತೆ. ನಂದಿ ಬೆಟ್ಟದ ಕಡೆಗೋ ದೇವನಹಳ್ಳಿಯ ಕಡೆಗೋ ಗುಂಪಾಗಿ ಹೊರಡುವ ಸ್ಪೋರ್ಟ್ಸ್ ಕಾರುಗಳು ಆ ಹೊತ್ತಿನಲ್ಲಿ ಸಿಗುವಷ್ಟು ವಾರದ ಬೇರೆ ಯಾವ ದಿನವೂ ಸಿಗುವುದಿಲ್ಲ. ಹಗಲಿನ ವಾಹನ ದಟ್ಟಣೆಯಲ್ಲಿ ಐನೂರು, ಆರುನೂರು ಅಶ್ವಶಕ್ತಿಯ ಕಾರನ್ನು ಹೊರಗೆ ತೆಗೆದು ಕ್ಲಚ್ಚನ್ನೂ ತಾಳ್ಮೆಯನ್ನೂ ಸುಟ್ಟುಕೊಳ್ಳಲು ಮಾಲೀಕರಿಗೆ ಮನಸ್ಸಿಲ್ಲ. ಆದರೆ ಹೆದ್ದಾರಿಯಲ್ಲಿ ಒಂದು ತೊಂದರೆಯಿದೆ. ಕಾರು ಕಂಡಿತೆನ್ನುವಷ್ಟರಲ್ಲಿ ಹೋಗಿಯೇಬಿಟ್ಟಿರುತ್ತದೆ. ಹಳದಿ ಬಣ್ಣದ್ದು, ತಗ್ಗಾಗಿತ್ತು ಎಂಬುದಷ್ಟೇ ಪುಸ್ತಕದಲ್ಲಿ ಉಳಿದ ನಮೂದುಗಳು ಮೊದಲ ವರ್ಷ ಹನ್ನೊಂದಿದ್ದವು.

ಈ ವರ್ಷ ಕಲಿತ ಅತ್ಯಂತ ಉಪಯುಕ್ತ ಪಾಠವೆಂದರೆ ಹಂಪಿನ ಬಳಿ ನಿಲ್ಲುವುದು. ಇಂತಹ ಕಾರುಗಳ ತಳಭಾಗ ನೆಲದಿಂದ ಹತ್ತು ಹನ್ನೆರಡು ಸೆಂಟಿಮೀಟರಿಗಿಂತ ಹೆಚ್ಚು ಎತ್ತರದಲ್ಲಿರುವುದಿಲ್ಲ. ನಮ್ಮ ಬಡಾವಣೆಗಳ ಹಂಪುಗಳಾದರೋ ಹಾಕಿಸಿದವರ ಸಿಟ್ಟಿಗೆ ತಕ್ಕಷ್ಟು ಎತ್ತರವಾಗಿರುತ್ತವೆ. ಚಾಲಕನು ಮೊದಲು ನಿಲ್ಲಿಸುತ್ತಾನೆ, ಮುಂಭಾಗವನ್ನು ಕೆಲವು ಸೆಂಟಿಮೀಟರು ಮೇಲಕ್ಕೆತ್ತುವ ಗುಂಡಿ ಇದ್ದರೆ ಅದನ್ನು ಒತ್ತುತ್ತಾನೆ, ಬಳಿಕ ಕಾರನ್ನು ಓರೆಯಾಗಿ ತಿರುಗಿಸಿ ಒಂದೊಂದೇ ಚಕ್ರವನ್ನು ಹತ್ತಿಸಿ ಇಳಿಸುತ್ತಾನೆ. ಹಿಂದಿನ ಆಟೋದವರು ಹಾರ್ನ್ ಬಾರಿಸುತ್ತಿರುವ ಆ ಅರ್ಧ ನಿಮಿಷದಲ್ಲಿ ಚಕ್ರದ ನಟ್ಟುಗಳಿಂದ ಹಿಡಿದು ಹಿಂಬದಿಯ ಲಾಂಛನದವರೆಗೆ ಎಲ್ಲವನ್ನೂ ನೋಡಿ ಮುಗಿಸಬಹುದು. ಹಂಪಿನ ಬಳಿಗೆ ಬಂದ ಮೇಲೆ ಗುರುತು ಸಿಗದ ನಮೂದು ಒಂದೇ ಒಂದು.

ಆ ನಟ್ಟುಗಳ ಮಾತನ್ನು ಸ್ವಲ್ಪ ವಿವರಿಸಬೇಕು. ಜೂನ್ ತಿಂಗಳಲ್ಲಿ ಬಿಳಿಯ ಪೋರ್ಶೆಯೊಂದನ್ನು ಕಂಡು, ಹಿಂದೆ ದೊಡ್ಡ ರೆಕ್ಕೆ ಇದೆಯೆಂಬ ಒಂದೇ ಕಾರಣಕ್ಕೆ 911 ಜಿಟಿ3 ಎಂದು ಬರೆದುಕೊಂಡಿದ್ದೆ. ಸಂಜೆ ಫೋಟೋವನ್ನು ದೊಡ್ಡದು ಮಾಡಿ ನೋಡಿದರೆ ಚಕ್ರಗಳಲ್ಲಿ ಐದೈದು ಬೋಲ್ಟುಗಳಿದ್ದವು. ಈಚಿನ ಜಿಟಿ3ಗಳ ಚಕ್ರವನ್ನು ನಡುವಿನ ಒಂದೇ ದೊಡ್ಡ ನಟ್ಟು ಹಿಡಿದಿರುತ್ತದೆ. ಅದು ಹೊರಗೆ ರೆಕ್ಕೆ ಹಾಕಿಸಿಕೊಂಡ ಕರೇರಾ, ಅಂದರೆ 911ರ ಸಾಮಾನ್ಯ ಮಾದರಿ. 911 ಕಾರುಗಳ ತಲೆಮಾರುಗಳನ್ನು ಬೇರೆ ಮಾಡುವುದು ಇದಕ್ಕಿಂತ ಸುಲಭ. ಹಿಂಬದಿಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಕೆಂಪು ದೀಪದ ಪಟ್ಟಿ ಎಲ್ಲ ಮಾದರಿಗಳಲ್ಲೂ ಅಖಂಡವಾಗಿ ಬಂದದ್ದು 2019ರಲ್ಲಿ ಹೊರಬಂದ 992 ತಲೆಮಾರಿನಿಂದ. ಅದಕ್ಕೂ ಹಿಂದಿನ 991ರಲ್ಲಿ ನಾಲ್ಕೂ ಚಕ್ರಗಳಿಗೆ ಶಕ್ತಿ ಹೋಗುವ ಮಾದರಿಗಳಿಗೆ ಮಾತ್ರ ಅಂತಹ ಪಟ್ಟಿ ಇರುತ್ತಿತ್ತು.

ಕಿವಿಯೂ ನಿಧಾನವಾಗಿ ಪಳಗುತ್ತಿದೆ. ಲ್ಯಾಂಬೋರ್ಗಿನಿ ಹುರಕಾನ್ ಕಾರಿನ 5.2 ಲೀಟರಿನ ಹತ್ತು ಸಿಲಿಂಡರುಗಳ ಎಂಜಿನ್ ವೇಗ ಹೆಚ್ಚಿದಂತೆ ಗಂಟಲೆತ್ತಿ ಕೂಗುತ್ತದೆ. ಫೋರ್ಡ್ ಮಸ್ಟಾಂಗ್ ಕಾರಿನ ಐದು ಲೀಟರಿನ, ಎಂಟು ಸಿಲಿಂಡರುಗಳ ವಿ8 ಎಂಜಿನ್ ಸಿಗ್ನಲ್‌ನಲ್ಲಿ ಸುಮ್ಮನೆ ನಿಂತಾಗಲೂ ಎದೆಯೊಳಗೆ ಗುಡುಗುಟ್ಟುತ್ತದೆ. ಪೋರ್ಶೆಯ ಅಡ್ಡ ಮಲಗಿಸಿದ ಆರು ಸಿಲಿಂಡರುಗಳದ್ದು ಒಣ ಸದ್ದು, ಕಬ್ಬಿಣದ ಮೇಲೆ ಕಬ್ಬಿಣ ತಾಗಿದ ಹಾಗೆ. ಬೈಕುಗಳ ಸೈಲೆನ್ಸರ್ ತೆಗೆಸಿ ಓಡಾಡುವ ಹುಡುಗರಿಂದಾಗಿ ನಾಲ್ಕು ಸಲ ಕುಳಿತಲ್ಲಿಂದ ಎದ್ದು ಓಡಿ ಮೋಸಹೋಗಿದ್ದೇನೆಂಬುದನ್ನೂ ಇಲ್ಲಿ ದಾಖಲಿಸಬೇಕು.

ಮೋಸಹೋದ ಇನ್ನೊಂದು ಪ್ರಸಂಗ ಇದಕ್ಕಿಂತ ದೊಡ್ಡದು. ಆಗಸ್ಟ್‌ನ ಒಂದು ಮಳೆಯ ಸಂಜೆ ಕಿತ್ತಳೆ ಬಣ್ಣದ, ಬಾಗಿಲು ಮೇಲಕ್ಕೆ ತೆರೆಯುವ ಲ್ಯಾಂಬೋರ್ಗಿನಿಯೊಂದು ಬೇಕರಿಯ ಮುಂದೆ ನಿಂತಿತ್ತು. ನೋಟುಪುಸ್ತಕ ತೆಗೆದು ದಿನಾಂಕವನ್ನೂ ಬರೆದಾಗಿತ್ತು. ಹತ್ತಿರ ಹೋದಂತೆ ಒಂದೊಂದೇ ವಿಷಯ ಸರಿಬರಲಿಲ್ಲ. ಟೈರುಗಳು ಆ ಮೈಗೆ ತೀರಾ ಕಿರಿದಾಗಿದ್ದವು, ಬಾಗಿಲಿನ ಸಂದು ಒಂದು ಕಡೆ ಬೆರಳು ತೂರುವಷ್ಟು ಅಗಲವಾಗಿತ್ತು, ಮುಂದಿನ ಗಾಜು ಇರಬೇಕಾದಷ್ಟು ಮಲಗಿರಲಿಲ್ಲ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಎಂ-ಪರಿವಾಹನ್ ಆ್ಯಪ್‌ನಲ್ಲಿ ಸಂಖ್ಯೆಯನ್ನು ಹಾಕಿದಾಗ ಅದು ಜಪಾನಿನ ಕಂಪನಿಯೊಂದರ ಹಳೆಯ ಸೆಡಾನ್ ಎಂದು ತೋರಿಸಿತು. ಯಾರೋ ಅದರ ಮೇಲೆ ಫೈಬರಿನ ಹೊಸ ಮೈಯನ್ನು ಕೂರಿಸಿದ್ದರು. ಆ ನಮೂದನ್ನು ಹೊಡೆದುಹಾಕಿದೆನಾದರೂ ಪುಟವನ್ನು ಹರಿಯಲಿಲ್ಲ. ಆ ಟಿಂಕರಿಂಗ್ ಕೆಲಸ ಮಾಡಿದವನ ಕೈ ಮಾತ್ರ ಸಾಮಾನ್ಯದ್ದಲ್ಲ.

ಈ ವರ್ಷ ಪುಸ್ತಕಕ್ಕೆ ಹೊಸದಾಗಿ ಸೇರಿಸಿದ ಅಂಕಣ ನಂಬರ್ ಪ್ಲೇಟಿನದು. ಮೊದಲ ವರ್ಷ ಬೆಂಗಳೂರಿನಲ್ಲೇ ಓಡಾಡುವ ಎಷ್ಟೋ ದುಬಾರಿ ಕಾರುಗಳ ಮೇಲೆ ಪಿವೈ, ಅಂದರೆ ಪುದುಚೇರಿಯ ಅಕ್ಷರಗಳನ್ನು ಕಂಡು ಅಚ್ಚರಿಪಟ್ಟಿದ್ದೆ. ಕಾರಣ ತೆರಿಗೆ. ಕರ್ನಾಟಕದಲ್ಲಿ 20 ಲಕ್ಷ ರೂಪಾಯಿಗೆ ಮೀರಿದ ಕಾರಿಗೆ ಬೆಲೆಯ ಶೇ. 18ರಷ್ಟು ಜೀವಾವಧಿ ತೆರಿಗೆ, ಅದರ ಮೇಲೆ ಸೆಸ್ ಬೇರೆ; ನಾಲ್ಕು ಕೋಟಿಯ ಕಾರಾದರೆ ತೆರಿಗೆಯೇ 72 ಲಕ್ಷವಾಗುತ್ತದೆ. ಹೊರರಾಜ್ಯದಲ್ಲಿ ನೋಂದಾಯಿಸಿದ ವಾಹನವು ಹನ್ನೆರಡು ತಿಂಗಳಿಗೂ ಹೆಚ್ಚು ಕಾಲ ಇಲ್ಲಿದ್ದರೆ ಇಲ್ಲಿಯೇ ಮರುನೋಂದಣಿ ಮಾಡಿಸಬೇಕೆಂಬ ಕಾನೂನಿದ್ದರೂ ಅದನ್ನು ಪಾಲಿಸಿದವರು ಕಡಿಮೆ. 2025ರ ಫೆಬ್ರುವರಿಯಲ್ಲಿ ಸಾರಿಗೆ ಇಲಾಖೆ ಒಂದೇ ಕಾರ್ಯಾಚರಣೆಯಲ್ಲಿ ಇಂತಹ ಸುಮಾರು 30 ಕಾರುಗಳನ್ನು ಹಿಡಿಯಿತು. ಅದೇ ವರ್ಷದ ಜುಲೈನಲ್ಲಿ ಮಹಾರಾಷ್ಟ್ರದ ನೋಂದಣಿಯಿದ್ದ ಕೆಂಪು ಫೆರಾರಿ ಎಸ್‌ಎಫ್90ರ ಮಾಲೀಕರು ಸುಮಾರು 1.42 ಕೋಟಿ ರೂಪಾಯಿ ತೆರಿಗೆ ಕಟ್ಟಬೇಕಾಯಿತು. ಬೇರೆಯವರ ತೆರಿಗೆಯಿಂದ ನನಗೇನೂ ಆಗಬೇಕಾದದ್ದಿಲ್ಲ. ಆದರೆ ಕೆಎ ಅಕ್ಷರಗಳು ಬಂದರೆ ಕಾರು ಯಾವ ಬಡಾವಣೆಯ ಸಾರಿಗೆ ಕಚೇರಿಯದೆಂದು ತಿಳಿಯುತ್ತದೆ. 01 ಕಂಡರೆ ಕೋರಮಂಗಲ, 03 ಕಂಡರೆ ಇಂದಿರಾನಗರ, 05 ಕಂಡರೆ ಜಯನಗರ. ಒಂದೇ ಕಾರನ್ನು ಎರಡು ಸಲ ಎಣಿಸುವ ತಪ್ಪು ಇದರಿಂದ ತಪ್ಪಿದೆ.

ಪ್ಲೇಟಿನ ಬಣ್ಣವನ್ನೂ ಓದಲು ಕಲಿಯಬೇಕು. ಹಳದಿಯ ಮೇಲೆ ಕೆಂಪು ಅಕ್ಷರವಿದ್ದರೆ ತಾತ್ಕಾಲಿಕ ನೋಂದಣಿ, ಅಂದರೆ ಕಾರು ನಗರಕ್ಕೆ ಹೊಸತು. ಕೆಂಪಿನ ಮೇಲೆ ಬಿಳಿ ಅಕ್ಷರವಿದ್ದರೆ ಅದು ಇನ್ನೂ ಡೀಲರ್ ಕೈಯಲ್ಲಿದೆ. ಐವತ್ತು ವರ್ಷ ದಾಟಿದ ಕಾರುಗಳಿಗೆ 2021ರ ನಿಯಮದಂತೆ ರಾಜ್ಯದ ಅಕ್ಷರಗಳ ಬಳಿಕ ವಿಎ ಎಂದು ಬರುವ ಪ್ರತ್ಯೇಕ ಸರಣಿಯಿದೆ. ಅದು ಒಂದೂ ನನ್ನ ಕಣ್ಣಿಗೆ ಬಿದ್ದಿಲ್ಲ. ಹಳೆಯ ಮೈಸೂರು ಕಾಲದ ಎಂವೈ ಅಕ್ಷರಗಳನ್ನೇ ಉಳಿಸಿಕೊಂಡ ಕಾರುಗಳು ಮೂರು ಸಿಕ್ಕಿವೆ, ಮೂರೂ ಬಸವನಗುಡಿಯಲ್ಲಿ.

ಹೀಗೆ ಬೆಲೆಯ ಬೆನ್ನು ಹತ್ತಿ ಹೋಗುತ್ತಿದ್ದ ನನ್ನನ್ನು ಬೇರೆ ದಾರಿಗೆ ತಿರುಗಿಸಿದ್ದು 188ನೆಯ ನಮೂದು. ಅಕ್ಟೋಬರ್‌ನಲ್ಲಿ ರಾಜಾಜಿನಗರದ ಅಡ್ಡರಸ್ತೆಯೊಂದರಲ್ಲಿ, ಹಾಲಿನ ಬೂತಿನ ಪಕ್ಕ, ಎರಡು ಬಾಗಿಲಿನ ನೀಲಿ ಪುಟ್ಟ ಕಾರೊಂದು ಬಂದು ನಿಂತಿತು. ಮಾರುತಿಯೂ ಅಲ್ಲ, ಫಿಯಟ್ಟೂ ಅಲ್ಲ. ಸಿಪಾನಿ ಡಾಲ್ಫಿನ್! ಬ್ರಿಟನ್ನಿನ ರಿಲಯಂಟ್ ಕಿಟನ್ ಕಾರನ್ನು ಆಧರಿಸಿ, 848 ಸಿಸಿ ಎಂಜಿನ್ ಇಟ್ಟು, ಫೈಬರಿನ ಮೈ ಹೊದಿಸಿ, 1982ರ ಹೊತ್ತಿಗೆ ನಮ್ಮ ಬೆಂಗಳೂರಿನಲ್ಲೇ ತಯಾರಿಸುತ್ತಿದ್ದ ಕಾರು ಅದು. 1983ರ ಕೊನೆಗೆ ಮಾರುತಿ 800 ಬಂದ ಮೇಲೆ ಅದರ ಮುಂದೆ ನಿಲ್ಲಲಾಗಲಿಲ್ಲ. ನಾಲ್ಕು ಬಾಗಿಲಿನ ಮೊಂಟಾನಾ ಬಂದರೂ ಕಂಪನಿ ಚೇತರಿಸಿಕೊಳ್ಳಲಿಲ್ಲ. ಹಾಲಿನ ಪ್ಯಾಕೆಟ್ಟು ಹಿಡಿದು ಬಂದ ಹಿರಿಯರು ನನ್ನ ಕೈಯಲ್ಲಿದ್ದ ಮೊಬೈಲನ್ನು ನೋಡಿದರು.

“ಮಾರೋದಿಲ್ಲಪ್ಪ,” ಎಂದರು, ನಾನು ಏನನ್ನೂ ಕೇಳುವ ಮೊದಲೇ.

“ಇಲ್ಲ ಸಾರ್, ಫೋಟೋ ಒಂದು ತೆಗೀಬಹುದಾ ಅಂತ...”

“ತಗೋ. ಆದ್ರೆ ಬಾನೆಟ್ ತೆಗಿ ಅನ್ಬೇಡ, ಮತ್ತೆ ಮುಚ್ಚಕ್ಕೆ ಇಬ್ರು ಬೇಕು.”

ಮೈ ಫೈಬರಿನದಾದ್ದರಿಂದ ತುಕ್ಕಿನ ಭಯವಿಲ್ಲ, ತಾಪತ್ರಯವೆಲ್ಲ ಬಿಡಿಭಾಗಗಳದ್ದೇ ಎಂದು ಅವರು ಹೇಳಿದರು. ಹೊಸದು ಸಿಗದೆ ಬೇರೆ ಕಾರುಗಳ ಭಾಗಗಳನ್ನು ಲೇತಿನಲ್ಲಿ ಕಡೆಸಿ ಕೂರಿಸಿಕೊಳ್ಳುತ್ತಾರಂತೆ. ಆ ವಾರ ಅದಕ್ಕೂ ಮುನ್ನ ಎರಡು ಹುರಕಾನ್‌ಗಳನ್ನು ಕಂಡಿದ್ದೆ. ನನ್ನ ಎರಡು ವರ್ಷದ ಪುಸ್ತಕದಲ್ಲಿ ಹುರಕಾನ್ ಒಂಬತ್ತಿವೆ, ಡಾಲ್ಫಿನ್ ಒಂದು. ಬರಬರುತ್ತಾ ಅಪರೂಪದ ಅಳತೆಯನ್ನೇ ಬದಲಿಸಿದೆ. ಬೆಲೆಯ ಅಂಕಣವನ್ನು ಅಳಿಸಿ, ಆ ಜಾಗದಲ್ಲಿ ‘ಎಷ್ಟನೆಯ ಸಲ’ ಎಂದು ಬರೆಯತೊಡಗಿದೆ.

ಆ ಅಳತೆಯಲ್ಲಿ ಹಿಂದೂಸ್ತಾನ್ ಕಾಂಟೆಸ್ಸಾಕ್ಕೂ ಸ್ಥಾನ ದೊರೆತಿದೆ, ಬೊಮ್ಮಸಂದ್ರದಲ್ಲಿ ಹುಟ್ಟಿದ ರೇವಾಕ್ಕೂ ದೊರೆತಿದೆ. 2001ರಲ್ಲಿ ಮಾರಾಟಕ್ಕೆ ಬಂದ ಆ ಎರಡು ಬಾಗಿಲಿನ ವಿದ್ಯುತ್ ಕಾರು ಲಂಡನ್ನಿನಲ್ಲಿ ಜಿ-ವಿಜ್ ಎಂಬ ಹೆಸರಿನಿಂದ ಓಡಾಡಿತ್ತು. ಒಂದು ಕಾಲದಲ್ಲಿ ಇಲ್ಲಿಯೂ ಸಿಗ್ನಲ್‌ಗೊಂದರಂತೆ ಕಾಣುತ್ತಿತ್ತು, ಯಾರೂ ತಿರುಗಿ ನೋಡುತ್ತಿರಲಿಲ್ಲ. ಸೀಸ-ಆಮ್ಲದ ಬ್ಯಾಟರಿಗಳು ಸತ್ತ ಮೇಲೆ ಹೊಸ ಸೆಟ್ಟು ಹಾಕಿಸುವುದಕ್ಕಿಂತ ಗುಜರಿಗೆ ಕೊಡುವುದೇ ಅಗ್ಗವೆಂದು ಕಂಡಿರಬೇಕು. ಈ ವರ್ಷ ಓಡುವ ಸ್ಥಿತಿಯಲ್ಲಿ ಎರಡು ಮಾತ್ರ ಸಿಕ್ಕಿವೆ. ಅವುಗಳಲ್ಲಿ ಒಂದು ಮಲ್ಲೇಶ್ವರದ ಎಂಟನೆಯ ಅಡ್ಡರಸ್ತೆಯಲ್ಲಿ ಬೆಂಟ್ಲಿಯೊಂದರ ಹಿಂದೆ ನಿಂತಿತ್ತು, ಫುಟ್‌ಪಾತಿನ ಮೇಲಿದ್ದ ಹುಡುಗರೆಲ್ಲ ಬೆಂಟ್ಲಿಯ ಫೋಟೋ ತೆಗೆಯುತ್ತಿದ್ದರು.

ಫೋಟೋಗಳ ವಿಚಾರದಲ್ಲಿ ನನ್ನದೊಂದು ಕಟ್ಟುಪಾಡಿದೆ. ಯಾರಿಗಾದರೂ ಕಳುಹಿಸುವ ಮೊದಲು ಸಂಖ್ಯೆಯನ್ನು ಮರೆಮಾಚುತ್ತೇನೆ, ಮನೆಯ ಗೇಟು ಕಾಣುವಂತಿದ್ದರೆ ಕತ್ತರಿಸುತ್ತೇನೆ. ಹಿಂಬಾಲಿಸಿ ಹೋಗುವುದಿಲ್ಲ. ಬಳ್ಳಾರಿ ರಸ್ತೆಯಲ್ಲಿ ‘ಜೋರಾಗಿ ಒತ್ತಿ’ ಎಂದು ಚಾಲಕರಿಗೆ ಕೈಸನ್ನೆ ಮಾಡುವ ಹುಡುಗರ ಜೊತೆ ನಿಲ್ಲುವುದನ್ನೂ ಬಿಟ್ಟಿದ್ದೇನೆ. ಆ ರಸ್ತೆಯಲ್ಲಿ ಹೂವಿನ ಮೂಟೆ ಹೊತ್ತ ಟಿವಿಎಸ್ ಗಾಡಿಗಳೂ ಅದೇ ಹೊತ್ತಿಗೆ ಮಾರುಕಟ್ಟೆಗೆ ಬರುತ್ತಿರುತ್ತವೆ.

213ನೆಯ ಸಾಲು ಸದ್ಯಕ್ಕೆ ಖಾಲಿಯಿದೆ. ಡಾಲ್ಫಿನ್‌ಗೂ ಮುಂಚೆ ಅದೇ ಕಂಪನಿ ಮಾಡಿದ ಮೂರು ಚಕ್ರದ ಫೈಬರ್ ಕಾರು ಬಾದಲ್ ಒಂದು ತಮ್ಮ ಪರಿಚಯದ ಮೆಕ್ಯಾನಿಕ್‌ನ ಹಿತ್ತಲಿನಲ್ಲಿ ಟಾರ್ಪಾಲಿನಡಿ ಇದೆಯೆಂದು ರಾಜಾಜಿನಗರದ ಹಿರಿಯರು ಹೇಳಿದ್ದಾರೆ. ಹೋಗಿ ನೋಡಿ ಬಂದೆ. ಟಾರ್ಪಾಲು ಸರಿಸಿದಾಗ ಹಿಂಬದಿಯ ಸೀಟಿನ ಮೇಲೆ ಬೆಕ್ಕು ಮರಿ ಹಾಕಿತ್ತು. ಎಂಜಿನ್ ಓಡದೆ ವರ್ಷಗಳಾಗಿವೆ. ಹಿತ್ತಲು ಸಾರ್ವಜನಿಕ ರಸ್ತೆಯಲ್ಲ, ಆದ್ದರಿಂದ ನನ್ನದೇ ನಿಯಮದ ಪ್ರಕಾರ ಅದನ್ನು ಎಣಿಸುವಂತಿಲ್ಲ. ಕಾರ್ಬುರೇಟರನ್ನು ಬಿಚ್ಚಿ ತೊಳೆದು ನೋಡೋಣ, ಬೆಕ್ಕಿನ ಮರಿಗಳು ಕಣ್ಣು ಬಿಟ್ಟು ಓಡಾಡುವಂತಾಗಲಿ ಎಂದು ಮೆಕ್ಯಾನಿಕ್ ಹೇಳಿದ್ದಾರೆ. ಮುಂದಿನ ತಿಂಗಳ ಎರಡನೆಯ ಭಾನುವಾರ ಬಳ್ಳಾರಿ ರಸ್ತೆಗೆ ಹೋಗುತ್ತಿಲ್ಲ.